ಮಳೆಗಾಲದ ಕೂಟವೂ ಮನೆಯ ಯಜಮಾನನೂ

ಪುತ್ತೂರು, ಸುಳ್ಯ, ಕಡಬಗಳ ಹಳೆಯ ಮನೆಗಳಿಗೆ ಚಾವಡಿಯೆಂಬುದೊಂದು ಅಂಗವುಂಟು. ಮನೆಯ ಮಿಕ್ಕ ಭಾಗವೆಲ್ಲ ಮನೆಯವರಿಗಾದರೆ ಇದು ಮುಖ್ಯವಾಗಿ ಬಂದವರಿಗಾಗಿ ಕಟ್ಟಿದುದು. ಗುಡ್ಡಕ್ಕೊಂದು, ಕಣಿವೆಗೊಂದು ಮನೆಯಿದ್ದು, ಅಡಕೆಯ ತೋಟಗಳಿಂದ ಒಂದಕ್ಕೊಂದು ಮರೆಯಾಗಿರುವ ಈ ಸೀಮೆಯಲ್ಲಿ ಊರೆಂದರೆ ಬೀದಿಯಲ್ಲ. ಮಳೆಗಾಲದಲ್ಲಿ ಹೊಳೆಯುಕ್ಕಿ ಸಂಕವು ಕೊಚ್ಚಿಹೋದರೆ ನೆರೆಮನೆಯೂ ಪರದೇಶವಾಗುತ್ತಿದ್ದಿತು. ಇಂತಹ ಜನರನ್ನು ಒಂದೆಡೆಗೆ ಸೇರಿಸಿದ ಸಾಧನಗಳಲ್ಲಿ ತಾಳಮದ್ದಳೆಯು ಅಗ್ರಗಣ್ಯವಾದುದು.

ವೇಷವಿಲ್ಲ, ಕುಣಿತವಿಲ್ಲ, ಭಾಗವತನು ಪದವನ್ನು ಹಾಡುವನು, ಚೆಂಡೆ ಮದ್ದಳೆಗಳು ನುಡಿಯುವುವು, ಅರ್ಥಧಾರಿಗಳು ಕುಳಿತಲ್ಲಿಂದಲೇ ಪಾತ್ರವಾಗಿ ಮಾತನಾಡುವರು. ಇದರ ಪ್ರಾಚೀನತೆಗೆ ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನವು ಸಾಕ್ಷಿಯಾಗಿದೆ. ತಾಳಮದ್ದಳೆಯವರಿಗೆ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿಯು ಅದರಲ್ಲಿ ಬಂದಿದೆ. ಕೇಳುವವರಿಗೆ ಸಂತೋಷವನ್ನುಂಟುಮಾಡುವುದು ದಾನಕ್ಕೆ ಯೋಗ್ಯವಾದ ಕಾರ್ಯವೆಂದು ಆ ಕಾಲದವರು ಬಗೆದಿದ್ದರೆಂದು ಇದರಿಂದ ತಿಳಿಯಬಹುದು.

ತುಳುನಾಡಿನಲ್ಲಿ ಪತ್ತನಾಜೆಯಂದು, ಎಂದರೆ ಮೇ ತಿಂಗಳ ಕೊನೆಯ ವಾರದ ಸುಮಾರಿಗೆ, ಮೇಳಗಳು ಗೆಜ್ಜೆ ಬಿಚ್ಚುವುವು. ಬಳಿಕ ಬಯಲಿನಲ್ಲಿ ಆಟವಿಲ್ಲ. ಆ ನಾಲ್ಕಾರು ತಿಂಗಳಲ್ಲಿ ಕಥೆಯು ಬಯಲಿನಿಂದ ಚಾವಡಿಗೆ ಬರುತ್ತಿದ್ದಿತು. ಓಲೆಕೊಡೆಯನ್ನು ಹಿಡಿದು, ಸೂಟೆಯ ಬೆಳಕಿನಲ್ಲಿ ಕೆಸರನ್ನು ತುಳಿದು ಬಂದವರಿಗೆ ಮೊದಲು ಕಾಲು ತೊಳೆಯಲು ನೀರು. ಅನಂತರ ಬೆಲ್ಲ ಮತ್ತು ಕುಡಿಯಲು ನೀರು. ಬಳಿಕ ಎಲೆಯಡಕೆಯ ಹರಿವಾಣ. ನಡುರಾತ್ರಿಗೆ ಅವಲಕ್ಕಿ, ಹಲಸಿನ ಹಪ್ಪಳ, ಬೆಲ್ಲದ ಕಾಫಿ. ಇಷ್ಟೇ ಉಪಚಾರ.

ಈ ಅಲ್ಪತೆಯಲ್ಲಿಯೇ ಒಂದು ವಿವೇಕವಡಗಿದ್ದಿತು. ಉಪಚಾರವು ಭಾರಿಯಾದರೆ ಅತಿಥಿಗೆ ಋಣವಾಗುವುದು. ಋಣಿಯಾದವನು ಮರಳಿ ಬರುವುದಕ್ಕೆ ಅಳುಕುವನು. ಬೆಲ್ಲವೂ ಹಪ್ಪಳವೂ ಬಡವನ ಮನೆಯಲ್ಲಿಯೂ ಇರುವುವಾದುದರಿಂದ, ಇಂದು ಬಂದವನು ನಾಳೆ ತಾನೂ ಕರೆಯಬಲ್ಲೆನೆಂಬ ಧೈರ್ಯದಿಂದ ಹೊರಡುತ್ತಿದ್ದನು. ಎರಡನೆಯದಾಗಿ, ಬಂದವನಿಗೆ ಕೆಲಸವಿರುತ್ತಿದ್ದಿತು. ಒಬ್ಬನು ಮದ್ದಳೆಗೆ ಕೈಹಾಕುವನು, ಇನ್ನೊಬ್ಬನು ಚಿಕ್ಕದೊಂದು ಅರ್ಥವನ್ನು ಹೇಳುವನು. ಏನೂ ಬಾರದವನು ವಾದದ ತೂಕವನ್ನು ನೋಡಿ ತಲೆದೂಗುವನು. ಮೂರನೆಯದಾಗಿ, ಕೂಟವು ಬೆಳಗಿನವರೆಗೆ ನಡೆಯುತ್ತಿದ್ದಿತು. ಕಾಳರಾತ್ರಿಯ ಮಳೆಯಲ್ಲಿ ಜನರನ್ನು ಹೊರಡಿಸುವುದು ಕ್ರೂರವಷ್ಟೆ; ದಾರಿ ಕಾಣುವ ಹೊತ್ತಿಗೆ ಮಂಗಳವನ್ನು ಹಾಡುವುದೇ ದಯೆ. ಯಜಮಾನನಾದರೋ ಎಲ್ಲರ ಹಿಂದೆ ಕಂಬಕ್ಕೊರಗಿ ಕುಳಿತು ದೀಪದ ಎಣ್ಣೆಯನ್ನು ನೋಡಿಕೊಳ್ಳುತ್ತಿದ್ದನು. ತನ್ನ ಮನೆಯಲ್ಲಿ ತಾನು ಮರೆಯಾಗಬಲ್ಲವನೇ ಒಳ್ಳೆಯ ಆತಿಥೇಯನು.

ಇಂತಹ ಕೂಟಗಳಲ್ಲಿ ಜನರು ಮತ್ತೆ ಮತ್ತೆ ಬಯಸಿದ ಪ್ರಸಂಗಗಳಲ್ಲಿ ಕೃಷ್ಣಸಂಧಾನವು ಒಂದು. ಅದರ ಮೂಲವು ಭಾರತದ ಉದ್ಯೋಗಪರ್ವ. ಹಸ್ತಿನಾವತಿಗೆ ಬಂದ ಕೃಷ್ಣನು ಕೌರವನ ಅರಮನೆಯ ಔತಣವನ್ನು ಬಿಟ್ಟು ದಾಸೀಪುತ್ರನಾದ ವಿದುರನ ಮನೆಯಲ್ಲಿ ಉಂಡನು. ಭಕ್ಷ್ಯಗಳು ಎಷ್ಟಿದ್ದರೇನು, ಪ್ರೀತಿಯಿಲ್ಲದ ಊಟವು ಅತಿಥಿಯನ್ನು ಕೊಂಡುಕೊಳ್ಳುವ ಉಪಾಯವೆಂಬುದೇ ಅದರ ಭಾವ. ಸುಳ್ಯ ಸೀಮೆಯ ಚೊಕ್ಕಾಡಿಯಲ್ಲಿ 1914ರಲ್ಲಿ ಹುಟ್ಟಿ, ಅರ್ಥಗಾರಿಕೆಯಿಂದ ನಾಡಿಗೆಲ್ಲ ಪರಿಚಿತರಾಗಿ, ಶ್ರೀರಾಮಚರಿತಾಮೃತವನ್ನು ಬರೆದು, 1984ರಲ್ಲಿ ಕಾಲವಾದ ದೇರಾಜೆ ಸೀತಾರಾಮಯ್ಯನವರಂಥವರು ಇಂತಹ ಸನ್ನಿವೇಶಗಳನ್ನು ಮಾತಿನಿಂದ ಕಣ್ಣಿಗೆ ಕಟ್ಟಿಸಿದರು.

ಆದರೆ ಸತ್ಯವನ್ನು ಮರೆಮಾಚತಕ್ಕುದಲ್ಲ. ಚಾವಡಿಯೊಳಗೆ ವಿದುರನ ಮನೆಯ ಹೊಗಳಿಕೆ ನಡೆಯುತ್ತಿದ್ದಾಗ ವಿದುರನ ನೆಲೆಯವರು ಅಂಗಳದಂಚಿನಲ್ಲಿ, ಮಾಡಿನ ಹನಿಗೆ ಮೈಯೊಡ್ಡಿ ನಿಂತಿದ್ದರು. ಸೂಟೆಯನ್ನು ಹಿಡಿದು ಒಡೆಯನಿಗೆ ದಾರಿ ತೋರಿಸಿದವನಿಗೆ ಜಗಲಿಯ ಮೇಲೆ ಎಡೆಯಿರಲಿಲ್ಲ. ಅವಲಕ್ಕಿ ಕಲಸಿದ ಹೆಂಗಸರು ಬಾಗಿಲ ಸಂದಿನಿಂದಲೇ ಕಥೆಯನ್ನು ಕೇಳಿದರು. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯು ಅತಿಥಿಯನ್ನು ದೇವರೆಂದು ಭಾವಿಸತಕ್ಕುದೆಂದು ವಿಧಿಸುವುದು. ಅತಿಥಿಯ ಜಾತಿಯನ್ನು ಕೇಳಿ ಭಾವಿಸತಕ್ಕುದೆಂದು ಅಲ್ಲಿ ಹೇಳಿಲ್ಲ. ಶಾಸ್ತ್ರವನ್ನು ಓದಿದ ಮನೆಗಳೇ ಈ ಭೇದವನ್ನು ಹೆಚ್ಚಾಗಿ ಪಾಲಿಸಿದುದು ಶೋಚನೀಯವಾದ ಸಂಗತಿ.

ಈ ಬೇಲಿಯನ್ನು ಸಡಿಲಿಸಿದ ಗಾಳಿಯು ಪೇಟೆಯ ಕಡೆಯಿಂದ ಬೀಸಿತು. 1934ರ ಫೆಬ್ರವರಿಯಲ್ಲಿ ಗಾಂಧೀಜಿಯವರು ಹರಿಜನಯಾತ್ರೆಯಲ್ಲಿ ಪುತ್ತೂರಿಗೆ ಬಂದರು. ಆ ದಶಕದಲ್ಲಿಯೇ ಸಹಕಾರ ಚಳವಳಿಯ ಧುರೀಣರಾದ ಮೊಳಹಳ್ಳಿ ಶಿವರಾಯರೂ ಶಿವರಾಮ ಕಾರಂತರೂ ಪುತ್ತೂರಿನಲ್ಲಿ ದಸರಾ ನಾಡಹಬ್ಬವನ್ನು ನಡೆಯಿಸಿದರು. ಜಿಲ್ಲೆಯು ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಅದು ಕನ್ನಡದ ಹೆಸರಿನಲ್ಲಿ ಕರೆದ ಔತಣವಾಗಿದ್ದಿತು. ಮನೆಯ ಕೂಟಕ್ಕೆ ಪರಿಚಯವು ಬೇಕು. ಊರಿನ ಹಬ್ಬಕ್ಕೆ ಕೇಳುವ ಮನಸ್ಸೊಂದಿದ್ದರೆ ಸಾಕು. ಮುಂದೆ ತಾಳಮದ್ದಳೆಯೂ ದೇವಸ್ಥಾನಗಳ ಸಭಾಭವನಗಳಿಗೆ, ಶಾಲೆಗಳಿಗೆ, ಕಲಾಸಂಘಗಳಿಗೆ ಬಂದಿತು. ಹೆಂಗಸರು ಬಾಗಿಲ ಹಿಂದಿನಿಂದ ಎದ್ದು ಬಂದು ತಾವೇ ಅರ್ಥ ಹೇಳತೊಡಗಿದರು.

ಈಗ ಕೂಟವು ಹಲವೆಡೆ ಮೂರು ನಾಲ್ಕು ಗಂಟೆಗಳಲ್ಲಿ ಮುಗಿಯುವುದು. ಧ್ವನಿವರ್ಧಕವುಂಟು, ಸಾಲು ಕುರ್ಚಿಗಳುಂಟು. ದೂರದೇಶದಲ್ಲಿರುವವರೂ ಮನೆಯಲ್ಲಿಯೇ ಕುಳಿತು ನೋಡುವರು. ಭೇದವು ಕಡಿಮೆಯಾದುದು ದೊಡ್ಡ ಲಾಭ. ಆದರೆ ಕಾಲು ತೊಳೆಯಲು ನೀರು ಕೊಟ್ಟು, ದಾರಿಯಲ್ಲಿ ಹೊಳೆ ಎಷ್ಟಿತ್ತೆಂದು ವಿಚಾರಿಸುವವನು ಸಭಾಭವನದಲ್ಲಿ ದುರ್ಲಭನು. ಜನರು ಬರುವರು, ಕೇಳುವರು, ಹೋಗುವರು. ಯಾರು ಬಂದರು, ಯಾರು ಬರಲಿಲ್ಲವೆಂಬುದು ಯಾರ ಲೆಕ್ಕಕ್ಕೂ ಸೇರದು.

ಹಳೆಯ ಚಾವಡಿಯ ಆದರವನ್ನೂ ಹೊಸ ಸಭೆಯ ತೆರೆದ ಬಾಗಿಲನ್ನೂ ಒಂದೆಡೆಗೆ ತರುವುದು ಈ ಸೀಮೆಯವರ ಮುಂದಿರುವ ಕಾರ್ಯ. ಅದಕ್ಕೆ ಹೆಚ್ಚಿನ ಧನವು ಬೇಡ. ತುಂಡು ಬೆಲ್ಲ, ಚೊಂಬು ನೀರು, ಮತ್ತು ಅಂಗಳದಲ್ಲಿ ನಿಂತವನನ್ನು ಕಂಡು “ಒಳಗೆ ಬನ್ನಿ” ಎನ್ನುವ ಒಂದು ಮಾತು ಸಾಕು. ಕೃಷ್ಣನು ವಿದುರನ ಮನೆಯನ್ನು ಹುಡುಕಿಕೊಂಡು ಹೋದುದು ಇಂತಹ ಮಾತಿಗಾಗಿಯೇ ಅಲ್ಲವೆ?