ಅಳಿಯನ ಅಳಿಯ ಯಾರು?

ಅಘನಾಶಿನಿ ದಂಡೆಯ ಮಿರ್ಜಾನ್ ಕೋಟೆ ಕುಮಟಾ ತಾಲೂಕಿನಲ್ಲಿದೆ, ಕುಮಟಾ ಉತ್ತರ ಕನ್ನಡದಲ್ಲಿದೆ. ಹಾಗಾಗಿ ಕೋಟೆಯೂ ಉತ್ತರ ಕನ್ನಡದಲ್ಲೇ ಇದೆ. ಕಂಪ್ಯೂಟರಿಗೆ ಇದನ್ನು ಕಲಿಸುವುದು ಸುಲಭ. ‘ಒಳಗಿದೆ’ ಎಂಬುದು ಟ್ರಾನ್ಸಿಟಿವ್, ಅಂದರೆ ದಾಟುವ ಸಂಬಂಧ ಎಂದು ಒಮ್ಮೆ ಗುರುತು ಹಾಕಿದರೆ ಉಳಿದದ್ದನ್ನು ಅದೇ ಕೂಡಿಸಿಕೊಳ್ಳುತ್ತದೆ. ಸಂಬಂಧಗಳ ತರ್ಕದ ಬಗ್ಗೆ 1860ರಲ್ಲೇ ಪ್ರಬಂಧ ಬರೆದ ಡಿ ಮಾರ್ಗನ್ ಹುಟ್ಟಿದ್ದು ನಮ್ಮ ಪಕ್ಕದ ಮಧುರೈಯಲ್ಲಿ.

ತೊಡಕು ಶುರುವಾಗುವುದು ಗೇರುಸೊಪ್ಪೆಯಲ್ಲಿ. ನಗಿರೆ ರಾಜ್ಯ ಆಳಿದ ಸಾಳುವರಲ್ಲಿ ಅಳಿಯಸಂತಾನದ ಕ್ರಮವಿತ್ತು. ಪಟ್ಟ ಮಗನಿಗಲ್ಲ, ಸೋದರಿಯ ಮಗನಿಗೆ. ಈಗ ಲೆಕ್ಕ ಹಾಕಿ: ನನ್ನ ಅಳಿಯನ ಅಳಿಯ ನನಗೆ ಅಳಿಯನಲ್ಲ, ಸೋದರಿಯ ಮಗಳ ಮಗ. ಒಂದು ತಲೆಮಾರು ಕೆಳಗಿನವ. ಈ ಸಂಬಂಧ ದಾಟುತ್ತದೆ ಎಂದು ಗುರುತು ಹಾಕಿದರೆ ಇಬ್ಬರೂ ಒಬ್ಬನೇ ಮಾವನ ಅಳಿಯಂದಿರಾಗುತ್ತಾರೆ, ಎರಡು ತಲೆಮಾರು ಒಂದಾಗಿ ಮಡಚಿಕೊಳ್ಳುತ್ತವೆ. ತೇದಿಯಿಲ್ಲದ ಶಾಸನವನ್ನು ವಂಶಾವಳಿಯ ಆಸರೆಯಿಂದ ಕಾಲಕ್ಕೆ ಕೂರಿಸುವವರಿಗೆ ಇಪ್ಪತ್ತು–ಮೂವತ್ತು ವರ್ಷ ಜಾರಿಹೋಗಲು ಇಷ್ಟು ಸಾಕು. ಪಟ್ಟದ ಸಾಲು ಮಾತ್ರ ದಾಟುತ್ತದೆ: ನಂತರ ಬಂದವನ ನಂತರ ಬಂದವನೂ ನಂತರದವನೇ. ಇವೆರಡನ್ನೂ ಬೇರೆ ಬೇರೆ ಇಡಲೇಬೇಕು.

ಅದಕ್ಕಿಂತ ದೊಡ್ಡ ಪೇಚು ಕನ್ನಡದ್ದೇ. ಅಳಿಯ ಎಂದರೆ ಸೋದರಳಿಯನೂ ಹೌದು, ಮಗಳ ಗಂಡನೂ ಹೌದು. 1565ರ ಕಾಳಗದಲ್ಲಿ ಮಡಿದ ಅಳಿಯ ರಾಮರಾಯ ಕೃಷ್ಣದೇವರಾಯನ ಮಗಳ ಗಂಡ. ಗೇರುಸೊಪ್ಪೆಯ ಪಟ್ಟದ ಅಳಿಯ ಬೇರೆ ಜಾತಿಯವನು. ಸೋದರಮಾವನ ಮಗಳನ್ನೇ ತಂದುಕೊಳ್ಳುವ ನಮ್ಮ ಮನೆಗಳಲ್ಲಂತೂ ಒಬ್ಬನೇ ಎರಡೂ ಆಗಿಬಿಡುತ್ತಾನೆ!

2009ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಒಪ್ಪಿದ ಔಲ್ 2 ಎಂಬ ಜ್ಞಾನನಿರೂಪಣೆಯ ಭಾಷೆಯಲ್ಲಿ ‘ದಾಟುತ್ತದೆ’ ಎನ್ನಲು ಗುರುತಿದೆ, ‘ದಾಟಬಾರದು’ ಎನ್ನಲು ನೇರವಾದ ಗುರುತಿಲ್ಲ. ಸುಮ್ಮನಿದ್ದರೆ ನಿಷೇಧಿಸಿದಂತಲ್ಲ. ‘ಎಂದೂ ದಾಟದ್ದು’ ಒಂದು ಬಗೆ, ‘ಒಮ್ಮೊಮ್ಮೆ ದಾಟುವುದು’ ಇನ್ನೊಂದು. ಸಾಮಂತಿಕೆ ಎರಡನೆಯದು: ಗೇರುಸೊಪ್ಪೆ ವಿಜಯನಗರಕ್ಕೆ ತಲೆಬಾಗಿದ ಮಾತ್ರಕ್ಕೆ ಗೇರುಸೊಪ್ಪೆಯ ಕೈಕೆಳಗಿನ ನಾಯಕನೂ ಚಕ್ರವರ್ತಿಯ ಸಾಮಂತನಾಗಬೇಕೆಂದಿಲ್ಲ.

ನನ್ನ ಪಟ್ಟಿಯಲ್ಲಿ ನಾನು ‘ಅಳಿಯ’ ಎಂಬ ಗೆರೆಯನ್ನೇ ಎಳೆಯುವುದಿಲ್ಲ. ಮಾವನಿಂದ ಸೋದರಿಗೆ ಒಂದು ಗೆರೆ, ಸೋದರಿಯಿಂದ ಮಗನಿಗೆ ಇನ್ನೊಂದು. ಹಾಗೆ ಬಿಡಿಸಿದಾಗಲೇ ಹೊಳೆಯುವುದು: ಮಾವ–ಅಳಿಯ ಎಂದು ಬರೆದಲ್ಲೆಲ್ಲ ನಡುವೆ ಒಬ್ಬ ಹೆಂಗಸು ಬಿಟ್ಟುಹೋಗಿದ್ದಾಳೆ. ಪೋರ್ಚುಗೀಸರು ಕರಿಮೆಣಸಿನ ರಾಣಿಯೆಂದ ಚೆನ್ನಭೈರಾದೇವಿ ತಾನೇ ಆಳಿದ್ದರಿಂದ ಹೆಸರುಳಿಯಿತು. ಪಟ್ಟ ಯಾರ ಮೂಲಕ ದಾಟಿತೋ ಆ ಸೋದರಿಯರ ಹೆಸರು ಸಿಗದ ಕಡೆ ನಾನು ಖಾಲಿ ಚೌಕ ಬಿಡುತ್ತೇನೆ, ಅಳಿಸುವುದಿಲ್ಲ.