ವಿಜ್ಞಾನಬೋಧನೆಯಲ್ಲಿ ಅವಲೋಕನವೂ ಊಹೆಯೂ

ವಿಜ್ಞಾನದ ಸಿದ್ಧಾಂತಗಳನ್ನು ಶಿಷ್ಯನಿಗೆ ತಿಳಿಸುವುದು ಬೇರೆ. ಆ ಸಿದ್ಧಾಂತಗಳು ದೊರೆತ ಮಾರ್ಗದಲ್ಲಿ ಅವನನ್ನು ನಡೆಯಿಸುವುದು ಬೇರೆ. ಈ ಭೇದವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿ ಸ್ಪಷ್ಟವಾಗಿ ತೋರಿಬಂದಿತು. ಮೈಕೇಲ್ ಫ್ಯಾರಡೆ, ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬಿಬ್ಬರ ಬೋಧನಕ್ರಮಗಳನ್ನು ಹೋಲಿಸಿ ನೋಡಿದರೆ ಈ ವಿಷಯವು ವಿಶದವಾಗುವುದು.

ಫ್ಯಾರಡೆಯು 1860-61ರ ಕ್ರಿಸ್ಮಸ್ ಕಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರನ್ನುದ್ದೇಶಿಸಿ ಮೇಣದ ಬತ್ತಿಯ ವಿಷಯವಾಗಿ ಆರು ಉಪನ್ಯಾಸಗಳನ್ನು ಮಾಡಿದನು. ಆಗತಾನೆ ಆರಿಸಿದ ಬತ್ತಿಯಿಂದೇಳುವ ಹೊಗೆಗೆ ಎರಡು ಮೂರು ಅಂಗುಲ ದೂರದಲ್ಲಿ ಬೆಂಕಿಯನ್ನು ಹಿಡಿಯಲು, ಉರಿಯು ಹೊಗೆಯ ದಾರಿಯಲ್ಲಿಯೇ ಓಡಿ ಬತ್ತಿಯನ್ನು ಸೇರಿತು. ಹಾಗಾದರೆ ಉರಿಯುವುದು ಮೇಣದ ಆವಿಯೇ ಆಗಿರಬೇಕು. ಇದು ನಿಜವಾದರೆ, ಜ್ವಾಲೆಯ ನಡುವಣ ಕಪ್ಪು ಭಾಗದಿಂದ ಆ ಆವಿಯನ್ನು ಹೊರಕ್ಕೆ ತರಲು ಸಾಧ್ಯವಾಗಬೇಕಷ್ಟೆ! ಫ್ಯಾರಡೆಯು ಅಲ್ಲಿಗೆ ಗಾಜಿನ ಕೊಳವೆಯನ್ನಿಟ್ಟು, ಅದರ ಮತ್ತೊಂದು ತುದಿಯಲ್ಲಿ ಆವಿಯನ್ನು ಹೊತ್ತಿಸಿ ತೋರಿಸಿದನು. ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವ ನಮ್ಮ ತರ್ಕಶಾಸ್ತ್ರದ ದೃಷ್ಟಾಂತವನ್ನು ಬಲ್ಲವರಿಗೆ ಈ ಪ್ರಸಂಗವು ರುಚಿಸದೆ ಇರದು. ಇಲ್ಲಿ ಅನುಮಾನವು ಪ್ರತ್ಯಕ್ಷದಿಂದ ಹೊರಟು, ಮರಳಿ ಪ್ರತ್ಯಕ್ಷದಲ್ಲಿಯೇ ಒರೆಗೆ ಬಂದಿತು. ಆದರೆ ಕೊಳವೆಯಿದ್ದುದು ಗುರುವಿನ ಕೈಯಲ್ಲಿ. ಮಕ್ಕಳು ಪ್ರೇಕ್ಷಕರಾಗಿಯೇ ಉಳಿದರು.

ಆ ಕೊಳವೆಯನ್ನು ಮಕ್ಕಳ ಕೈಗೇ ಕೊಡಬೇಕೆಂದು ವಾದಿಸಿದವನು ಆರ್ಮ್‌ಸ್ಟ್ರಾಂಗ್. ಅವನು ತನ್ನ ಕ್ರಮಕ್ಕೆ, ಕಂಡುಹಿಡಿಯುವುದೆಂಬರ್ಥದ ಗ್ರೀಕ್ ಧಾತುವಿನಿಂದ ಬಂದ ‘ಹ್ಯೂರಿಸ್ಟಿಕ್’ ಎಂಬ ಹೆಸರನ್ನು ಬಳಸಿದನು. ಅವನ ಪಾಠಯೋಜನೆಯು ಬ್ರಿಟಿಷ್ ಅಸೋಸಿಯೇಷನ್ನಿನ ಸಮಿತಿಯ ವರದಿಗಳ ಮೂಲಕ 1889-90ರಲ್ಲಿ ಪ್ರಕಟವಾಯಿತು. ಕಬ್ಬಿಣಕ್ಕೆ ತುಕ್ಕು ಹಿಡಿಯುವಾಗ ಆಗುವುದೇನು ಎಂಬುದು ಅದರಲ್ಲಿದ್ದ ಸಮಸ್ಯೆಗಳಲ್ಲೊಂದು. ತುಕ್ಕು ಕಬ್ಬಿಣವನ್ನು ತಿನ್ನುತ್ತದೆಂಬ ಲೋಕದ ಮಾತನ್ನು ನಂಬಿದ ಬಾಲಕನು ತೂಕವು ಕುಗ್ಗುವುದೆಂದೇ ಊಹಿಸುವನು. ತುಕ್ಕು ಹಿಡಿದ ಹುಡಿಯನ್ನು ಒಣಗಿಸಿ ತೂಗಿದರೆ ತೂಕವು ಹೆಚ್ಚಿರುವುದು! ಆದುದರಿಂದ ಏನೋ ಬಂದು ಸೇರಿರಬೇಕು. ಅದು ಬಂದುದು ನೀರಿನಿಂದಲೋ ಗಾಳಿಯಿಂದಲೋ ತಕ್ಕಡಿಯು ಹೇಳಲಾರದು. ಮತ್ತೊಂದು ಪರೀಕ್ಷೆ ಬೇಕು. ನೀರಿನ ಮೇಲೆ ಬೋರಲಿಟ್ಟ ಗಾಜಿನ ಜಾಡಿಯೊಳಗೆ ಒದ್ದೆಯ ಕಬ್ಬಿಣದ ಹುಡಿಯನ್ನಿಟ್ಟರೆ, ಕ್ರಮೇಣ ನೀರು ಮೇಲೇರಿ ಗಾಳಿಯು ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಗುವುದು. ಉಳಿದ ಗಾಳಿಯಲ್ಲಿ ದೀಪವು ಉರಿಯದು.

ಈ ಕ್ರಮಕ್ಕೆ ಆಕ್ಷೇಪಣೆಗಳಿಲ್ಲದೆ ಇರಲಿಲ್ಲ. ಶತಮಾನಗಳ ಶೋಧನೆಯನ್ನು ಬಾಲಕನು ಕೆಲವು ವರ್ಷಗಳಲ್ಲಿ ಪುನಃ ನಡೆಸಲಾರನಷ್ಟೆ. ಜೆ. ಜೆ. ಥಾಮ್ಸನ್ನನ ಅಧ್ಯಕ್ಷತೆಯ ಸಮಿತಿಯು 1918ರಲ್ಲಿ, ಅನೇಕ ಶಾಲೆಗಳಲ್ಲಿ ಪ್ರಯೋಗಕ್ಕೆ ವ್ಯಯವಾಗುವ ಕಾಲಕ್ಕೆ ತಕ್ಕ ಫಲವಿಲ್ಲವೆಂದು ಅಭಿಪ್ರಾಯಪಟ್ಟಿತು. ಈ ಆಕ್ಷೇಪಣೆಯು ನ್ಯಾಯವಾದುದೇ. ಆದರೆ ಉತ್ತರವನ್ನು ಮೊದಲೇ ತಿಳಿಸಿ, ಆ ಬಳಿಕ ಪ್ರಯೋಗವನ್ನು ಮಾಡಿಸುವ ಪಾಠಕ್ಕೆ ಇದು ಸಮರ್ಥನೆಯಾಗಲಾರದು. ಅಂತಹ ಪಾಠದಲ್ಲಿ ಶಿಷ್ಯನು ಕಂಡುದನ್ನು ಬರೆಯದೆ, ಕಾಣಬೇಕಾದುದನ್ನು ಬರೆಯುವನು, ಅವಲೋಕನವೇ ಕೆಡುವುದು. ಬಹುಭಾಗವನ್ನು ಉಪಾಧ್ಯಾಯನು ಹೇಳಿಯೇ ಕಲಿಸಲಿ. ವರ್ಷಕ್ಕೆ ಎರಡು ಮೂರು ಸಮಸ್ಯೆಗಳನ್ನಾದರೂ ಶಿಷ್ಯನ ಪಾಲಿಗೆ ಬಿಟ್ಟು, ತೂಗುವ ಮೊದಲೇ ಅವನ ಊಹೆಯನ್ನು ಬರೆಯಿಸಲಿ. ಅದು ತಪ್ಪಾದರೂ ಅಳಿಸದೆ, ಅದರ ಕೆಳಗೆ ತಕ್ಕಡಿಯು ತೋರಿಸಿದುದನ್ನು ಬರೆಯಿಸಲಿ.