ಚಾಪ್ಲಿನ್ ಸಿಕ್ಕ, ಸುಲೋಚನಾ ಸಿಗಲಿಲ್ಲ

ಪ್ರತಿ ಸಲ ಒಂದು ಹಳೇ ಹಾಲಿವುಡ್ ಸಿನಿಮಾ ಹಿಡ್ಕೊಂಡು ಕೂರ್ತೀವಲ್ಲ, ಈ ಸಲವೂ ಶುರು ಅಲ್ಲಿಂದಲೇ. ಆದರೆ ಅಪ್ಪ ಕೇಳಿದ ಒಂದು ಪ್ರಶ್ನೆಯಿಂದ ಮಾತು ಬೇರೆ ಕಡೆಗೆ ತಿರುಗಿತು. ವಿಡಿಯೋದಲ್ಲಿ ಅವಸರದಲ್ಲಿ ಹೇಳಿದ್ದನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದೀನಿ.

ಅಪ್ಪ ತುಮಕೂರಿನಿಂದ ಬಂದಿದ್ದರು. ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ವಾಕಡ್‌ನ ನಮ್ಮ ಹನ್ನೊಂದನೇ ಮಹಡಿಯ ಫ್ಲಾಟಿನಲ್ಲಿ ಅವರಿಗೆ ಹೊತ್ತು ಕಳೆಯೋದೇ ಕಷ್ಟ. ಲಿಫ್ಟಲ್ಲಿ ಸಿಕ್ಕವರ ಜತೆ ಮಾತಾಡೋಣ ಅಂದ್ರೆ ಮರಾಠಿ ಬರಲ್ಲ, ಹಿಂದಿ ಆಡೋಕೆ ಸಂಕೋಚ. ಒಂದು ಶನಿವಾರ ಸಂಜೆ ಲಾ ಕಾಲೇಜ್ ರಸ್ತೆಯ ಫಿಲ್ಮ್ ಆರ್ಕೈವ್ ಥಿಯೇಟರಿನಲ್ಲಿ ಚಾಪ್ಲಿನ್ನನ 'ಮಾಡರ್ನ್ ಟೈಮ್ಸ್' ಇತ್ತು. ಭಾಷೆಯ ತಾಪತ್ರಯ ಇಲ್ಲದ ಸಿನಿಮಾ ಅಂತ ಕರ್ಕೊಂಡು ಹೋದೆ.

1936ರ ಸಿನಿಮಾ. ನೀವು ನೋಡಿಲ್ಲ ಅಂದ್ರೆ ಮೊದಲು ನೋಡಿ, ಅದರಲ್ಲೂ ಹಿಂಜವಡಿಗೆ ದಿನಾ ಓಡಾಡೋರು. ಚಾಪ್ಲಿನ್ ಕಾರ್ಖಾನೆಯಲ್ಲಿ ನಟ್ಟು ತಿರುಗಿಸೋ ಕೆಲಸಗಾರ. ಎರಡು ನಿಮಿಷ ಅಂತ ಬಾತ್‌ರೂಮಿಗೆ ಹೋಗಿ ಸಿಗರೇಟು ಹಚ್ಚಿದರೆ ಗೋಡೆ ಮೇಲಿನ ದೊಡ್ಡ ಪರದೆಯಲ್ಲಿ ಮಾಲೀಕನ ಮುಖ ಬಂದು 'ಕೆಲಸಕ್ಕೆ ಹೋಗು' ಅಂತ ಗದರುತ್ತೆ. ಊಟದ ಟೈಮೂ ಉಳೀಲಿ ಅಂತ ಒಂದು ಯಂತ್ರ ತಂದು ಅವನಿಗೆ ತುತ್ತು ತಿನ್ನಿಸ್ತಾರೆ. ಅದು ಕೆಟ್ಟು ಮುಸುಕಿನ ಜೋಳವನ್ನ ಮುಖಕ್ಕೇ ಉಜ್ಜುತ್ತೆ. ಅಪ್ಪ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು, ಆಮೇಲೆ ನನ್ನ ಕಡೆ ಬಗ್ಗಿ, "ನಿಮ್ಮ ಆಫೀಸಲ್ಲೂ ಹಿಂಗೇನಾ?" ಅಂದ್ರು. ಇನ್ನೊಂದು ವಿಷಯ ನಾನು ದೊಡ್ಡ ಪರದೆಯಲ್ಲಿ ನೋಡಿದಾಗಲೇ ಗಮನಿಸಿದ್ದು. ಟಾಕಿ ಬಂದು ಎಂಟೊಂಬತ್ತು ವರ್ಷ ಆಗಿದ್ದರೂ ಚಾಪ್ಲಿನ್ ಮನುಷ್ಯರ ಬಾಯಲ್ಲಿ ಮಾತಾಡಿಸಲ್ಲ. ಇಡೀ ಸಿನಿಮಾದಲ್ಲಿ ಮಾತು ಕೇಳೋದು ಬಹುಮಟ್ಟಿಗೆ ಯಂತ್ರದಿಂದ: ಮಾಲೀಕನ ಪರದೆ, ಗ್ರಾಮೊಫೋನ್ ರೆಕಾರ್ಡು, ರೇಡಿಯೋ. ಕೊನೆಯಲ್ಲಿ ಅವನೇ ಬಾಯಿ ಬಿಟ್ಟು ಹಾಡ್ತಾನೆ, ಆದರೆ ಯಾವ ಭಾಷೆಗೂ ಸೇರದ ಪದಗಳಲ್ಲಿ.

ಹೊರಗೆ ಬಂದು ಒಂದು ಅಮೃತತುಲ್ಯದಲ್ಲಿ ಚಹಾ ಕುಡೀತಾ ನಿಂತಿದ್ವಿ. ಅಪ್ಪ ಕೇಳಿದರು: "ಅಲ್ಲ ಕಣೋ, ಇಷ್ಟು ಹಳೇದನ್ನೇ ಇಟ್ಟಿದಾರೆ ಅಂದ್ಮೇಲೆ ಸತಿ ಸುಲೋಚನಾನೂ ಇಟ್ಟಿರ್ಬೇಕು ಅಲ್ವಾ? ನಿಮ್ಮ ತಾತ ಬೆಂಗಳೂರಿಗೆ ಹೋಗಿ ನೋಡ್ಕೊಂಡು ಬಂದಿದ್ದನಂತೆ."

ಇಲ್ಲಪ್ಪ, ಅದರ ಒಂದು ಪ್ರಿಂಟೂ ಉಳಿದಿಲ್ಲ ಅಂದೆ. ಅವರು ಲೋಟ ಕೆಳಗಿಟ್ಟು, "ಒಂದೂ?" ಅಂದ್ರು.

ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' ಬಿಡುಗಡೆಯಾಗಿದ್ದು 1934ರ ಮಾರ್ಚ್ 3ರಂದು. 'ಮಾಡರ್ನ್ ಟೈಮ್ಸ್'ಗೂ ಅದಕ್ಕೂ ಎರಡೇ ವರ್ಷದ ಅಂತರ. ಹಾಲಿವುಡ್ ಕ್ಲಾಸಿಕ್‌ಗಳ ಒಂದೊಂದು ಶಾಟನ್ನೂ ನಿಲ್ಲಿಸಿ, ಹಿಂದೆ ಓಡಿಸಿ, ನಿಮ್ಮ ಮುಂದೆ ಗಂಟೆಗಟ್ಟಲೆ ಕೊರೀತೀನಿ. ನನ್ನ ಭಾಷೆ ಪರದೆ ಮೇಲೆ ಮೊದಲ ಸಲ ಮಾತಾಡಿದ್ದು ಹೇಗಿತ್ತು ಅಂತ ಕೇಳಿದರೆ ಹೇಳೋಕೆ ಏನೂ ಇಲ್ಲ. ಆವತ್ತು ರಾತ್ರಿ ಇದೇ ತಲೆಯಲ್ಲಿ ಕೊರೀತಾ ಇತ್ತು. ಒಂದು ಹಳೇ ಸಿನಿಮಾ ಉಳಿಯೋದು ಹೇಗೆ? ಇನ್ನೊಂದು ಹೋಗೋದು ಹೇಗೆ?

ಹಾಲಿವುಡ್‌ನವರು ಬಹಳ ಜೋಪಾನದವರು ಅಂತ ನಾನೂ ಅಂದ್ಕೊಂಡಿದ್ದೆ. ಲೆಕ್ಕ ನೋಡಿದರೆ ಗಾಬರಿ ಆಗುತ್ತೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಒಂದು ವರದಿ ಪ್ರಕಟಿಸಿತು. 1912ರಿಂದ 1929ರವರೆಗೆ ಅಲ್ಲಿ ತಯಾರಾದ ಸುಮಾರು 11,000 ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲೇ ಉಳಿದಿರೋದು ಶೇಕಡ 14. ಶೇಕಡ 70ರಷ್ಟು ಪೂರ್ತಿ ನಾಪತ್ತೆ. ಆ ಕಾಲದ ನೈಟ್ರೇಟ್ ಫಿಲ್ಮು ಕಿಡಿ ತಾಗಿದರೆ ಸಾಕು, ನೀರಲ್ಲಿ ಮುಳುಗಿಸಿದರೂ ಉರಿಯುತ್ತೆ. 1937ರಲ್ಲಿ ನ್ಯೂಜೆರ್ಸಿಯಲ್ಲಿದ್ದ ಫಾಕ್ಸ್ ಕಂಪನಿಯ ಗೋದಾಮು ಸುಟ್ಟು ಅವರ ಮೂಕಿ ಚಿತ್ರಗಳಲ್ಲಿ ಬಹುಪಾಲು ಒಂದೇ ದಿನ ಬೂದಿಯಾಯಿತು. ಬೆಂಕಿಗೆ ಸಿಗದೆ ಉಳಿದಿದ್ದನ್ನ ಕಂಪನಿಗಳೇ ಎಷ್ಟೋ ಸಲ ಕರಗಿಸಿದವು, ಫಿಲ್ಮಿನಲ್ಲಿ ಬೆಳ್ಳಿ ಇರುತ್ತಲ್ಲ, ಅದಕ್ಕೆ.

ಚಾಪ್ಲಿನ್ ಬಚಾವಾಗಿದ್ದು ಅವನ ಜಿಗುಟುತನದಿಂದ. ಸ್ವಂತ ಸ್ಟುಡಿಯೋ, ಸ್ವಂತ ದುಡ್ಡು, ಹಕ್ಕು ಅವನ ಹೆಸರಲ್ಲೇ, ನೆಗೆಟಿವ್ ಅವನ ಕೈಯಲ್ಲೇ. ಇನ್ನು ಹಾಲಿವುಡ್ ಸಿನಿಮಾ ಜಗತ್ತೆಲ್ಲ ಸುತ್ತುತ್ತಿತ್ತು. ಜಾನ್ ಫೋರ್ಡ್‌ನ 1927ರ 'ಅಪ್‌ಸ್ಟ್ರೀಮ್' ಕಳೆದೇಹೋಯ್ತು ಅಂದ್ಕೊಂಡಿದ್ದಾಗ 2009ರಲ್ಲಿ ನ್ಯೂಜಿಲೆಂಡಿನಲ್ಲಿ ಸಿಕ್ಕಿತು. ಪ್ರಿಂಟುಗಳು ಊರೂರು ತಿರುಗಿ ಅಲ್ಲಿಗೆ ತಲುಪೋ ಹೊತ್ತಿಗೆ ವಾಪಸ್ ಕಳಿಸೋ ಖರ್ಚೂ ಗಿಟ್ಟದೆ ಅಲ್ಲೇ ಉಳಿದುಬಿಡುತ್ತಿದ್ದವು. ಕನ್ನಡ ಸಿನಿಮಾಕ್ಕೆ ಆ ನ್ಯೂಜಿಲೆಂಡ್ ಎಲ್ಲಿತ್ತು?

ಈಗ ಪುಣೆಗೆ ಬರೋಣ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಇಂಗ್ಲಿಷ್ ಸಿನಿಮಾ ಅಂದ್ರೆ ಕ್ಯಾಂಪು. ವೆಸ್ಟ್ ಎಂಡ್, ಕ್ಯಾಪಿಟಲ್ ಥಿಯೇಟರುಗಳ ಮುಖ್ಯ ಗಿರಾಕಿಗಳು ದಂಡಿನ ಸೋಲ್ಜರುಗಳು. ಅದಕ್ಕೇ ಕ್ವಿಟ್ ಇಂಡಿಯಾ ಚಳವಳಿಯ ಹೊತ್ತಿನಲ್ಲಿ, 1943ರ ಜನವರಿ 24ರಂದು, ಕ್ಯಾಪಿಟಲ್‌ನಲ್ಲಿ ಬಾಂಬು ಸಿಡಿದು ಬ್ರಿಟಿಷ್ ಸೈನಿಕರು ಸತ್ತರು. ಆ ಥಿಯೇಟರಿಗೆ ಆಮೇಲೆ ವಿಕ್ಟರಿ ಅಂತ ಹೆಸರಾಯಿತು. ಎಂಜಿ ರೋಡಿಗೆ ಶಾಪಿಂಗಿಗೆ ಹೋದಾಗ ಇದೊಂದು ನೆನಪಿರಲಿ.

ನದಿಯ ಈಚೆ ಬೇರೆಯೇ ಕಥೆ. ಕೊಲ್ಹಾಪುರದಿಂದ 1933ರಲ್ಲಿ ಪುಣೆಗೆ ಬಂದ ಪ್ರಭಾತ್ ಕಂಪನಿ ಮುಚ್ಚಿದ ಮೇಲೆ ಅದರ ಸ್ಟುಡಿಯೋದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು. 1964ರಲ್ಲಿ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಬಂತು. ಅದನ್ನ ಕಟ್ಟಿದವರು ಪಿ.ಕೆ. ನಾಯರ್, ತಿರುವನಂತಪುರದವರು. ಹುಡುಗನಾಗಿದ್ದಾಗಲೇ ಸಿನಿಮಾ ಟಿಕೆಟ್ಟಿನ ಚೂರುಗಳನ್ನ ಕೂಡಿಡುತ್ತಿದ್ದ ಆಸಾಮಿ. 1991ರಲ್ಲಿ ರಿಟೈರ್ ಆಗೋ ಹೊತ್ತಿಗೆ ಸುಮಾರು 12,000 ಚಿತ್ರಗಳನ್ನ ಸೇರಿಸಿದ್ದರು. ಫಾಲ್ಕೆಯವರ 'ಕಾಳಿಯಮರ್ದನ' ಇವತ್ತು ನಾವು ನೋಡೋಕೆ ಸಿಗೋದು ಇವರು ಹುಡುಕಿಟ್ಟಿದ್ದರಿಂದ. ವಿದೇಶಿ ಚಿತ್ರಗಳನ್ನ ಬೇರೆ ದೇಶದ ಆರ್ಕೈವ್‌ಗಳ ಜತೆ ವಿನಿಮಯ ಮಾಡಿ ತರಿಸುತ್ತಿದ್ದರು. ಕೈಗೆ ಸಿಕ್ಕ ಪ್ರಿಂಟಿಗೆ ಸದ್ದಿಲ್ಲದೆ ಒಂದು ಕಾಪಿ ತೆಗೆಸಿಟ್ಟುಕೊಳ್ಳುತ್ತಿದ್ದರು ಅಂತಲೂ ಜನ ಹೇಳ್ತಾರೆ. ಕಾನೂನು ಪ್ರಕಾರ ತಪ್ಪಿರಬಹುದು. ನಾನಂತೂ ಅವರನ್ನ ಬೈಯಲ್ಲ.

ನಾಯರ್ ಕತ್ತಲಲ್ಲಿ ಸಣ್ಣ ಟಾರ್ಚ್ ಇಟ್ಕೊಂಡು ಕೂತು, ಯಾವ ರೀಲಿನಲ್ಲಿ ಏನಿದೆ ಅಂತ ನೋಟ್ಸ್ ಮಾಡ್ಕೊಳ್ತಿದ್ದರು. ಶಿವೇಂದ್ರ ಸಿಂಗ್ ಡುಂಗರ್ಪುರ್ ಅವರ ಮೇಲೆ ತೆಗೆದ 'ಸೆಲ್ಯುಲಾಯ್ಡ್ ಮ್ಯಾನ್' ನೋಡಿದರೆ ಆ ಮನುಷ್ಯ ಎಂಥವರು ಅಂತ ಗೊತ್ತಾಗುತ್ತೆ. ಸಿನಿಮಾ ರಿವ್ಯೂ ಮಾಡ್ತೀನಿ ಅಂತ ಮೆರೆಯೋ ನನ್ನಂಥವರಿಗೆ ಪಾಸ್ ಬಟನ್ ಇದೆ. ಅವರಿಗೆ ಇದ್ದಿದ್ದು ಆ ಟಾರ್ಚು, ಪೆನ್ನು.

ಈ ಡಬ್ಬಗಳಿಗೂ ನಮಗೂ ಏನು ಸಂಬಂಧ ಅಂತೀರಾ? ಇದೆ, ನೇರವಾಗೇ ಇದೆ. ಗಿರೀಶ ಕಾರ್ನಾಡರು 1974-75ರಲ್ಲಿ ಇಲ್ಲಿನ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಅದೇ ಹೊತ್ತಿಗೆ ತೀರ್ಥಹಳ್ಳಿ ಕಡೆಯ ಗಿರೀಶ ಕಾಸರವಳ್ಳಿ ಇಲ್ಲಿ ವಿದ್ಯಾರ್ಥಿ. ಫಿಲ್ಮ್ ಅಪ್ರಿಸಿಯೇಶನ್, ಅಂದ್ರೆ ಸಿನಿಮಾ ನೋಡೋದನ್ನೇ ಒಂದು ಪಾಠವಾಗಿ ಹೇಳಿಕೊಡ್ತಿದ್ದವರು ಸತೀಶ್ ಬಹಾದುರ್. ಅವರು ಪುಣೆಯಲ್ಲೇ ಕೂರಲಿಲ್ಲ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜ ಶುರು ಮಾಡಿದ್ದರು. ಎಪ್ಪತ್ತರ ದಶಕ ಮುಗಿಯೋದರೊಳಗೆ ಬಹಾದುರ್ ಅಲ್ಲಿಗೂ ಹೋಗಿ ಪಾಠ ಮಾಡಿದರು, ಪುಣೆಯ ಪ್ರಿಂಟುಗಳೂ ಹೋದವು. ಅಡಕೆ ತೋಟದವರು, ಕೂಲಿ ಮಾಡೋರು, ಹೆಂಗಸರು, ಮಕ್ಕಳು ಎಲ್ಲ ಕೂತು 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್', 'ರಾಶೋಮನ್' ನೋಡಿದರು. ಎಷ್ಟೋ ವರ್ಷದ ಮೇಲೂ ಆ ಊರಿನವರು ಅವುಗಳ ಬಗ್ಗೆ ಮಾತಾಡ್ತಾರೆ. ಮೂಲ ಜಾಗದಿಂದ ಹತ್ತು ಹದಿನೈದು ಕಿಲೋಮೀಟರ್ ದೂರದಲ್ಲಿರೋ ನಾನು ಇಲ್ಲಿಗೆ ಬಂದು ಆರು ವರ್ಷ ಆದಮೇಲೆ ಆ ಥಿಯೇಟರಿನ ಬಾಗಿಲು ನೋಡಿದ್ದು. ಟ್ರಾಫಿಕ್ ಅಂತ ಒಂದು ನೆಪ ಇದ್ದೇ ಇದೆಯಲ್ಲ.

ಇಟ್ಟಮಾತ್ರಕ್ಕೆ ಉಳಿಯುತ್ತೆ ಅಂತಲೂ ಇಲ್ಲ. 2003ರ ಜನವರಿಯಲ್ಲಿ ಇದೇ ಪುಣೆಯಲ್ಲಿ, ಪ್ರಭಾತ್ ಕಾಲದ ಗೋದಾಮಿನಲ್ಲಿಟ್ಟಿದ್ದ ನೈಟ್ರೇಟ್ ರೀಲುಗಳಿಗೆ ಬೆಂಕಿ ಬಿದ್ದು ಭಾರೀ ನಷ್ಟ ಆಯಿತು. ಇನ್ನೊಂದು ಕಡೆ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದ ಮೂಲ ನೆಗೆಟಿವ್ ಇಲ್ಲಿ ಉಳಿದಿತ್ತು. ಅದನ್ನ ಇಟ್ಟುಕೊಂಡು ಹಾಲಿವುಡ್‌ನ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಶನ್ನೂ ಡುಂಗರ್ಪುರ್ ಅವರ ಫಿಲ್ಮ್ ಹೆರಿಟೇಜ್ ಫೌಂಡೇಶನ್ನೂ ಸೇರಿ ಚಿತ್ರವನ್ನ ಹೊಸದರ ಹಾಗೆ ಸರಿಮಾಡಿದರು, 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. 'ಟ್ಯಾಕ್ಸಿ ಡ್ರೈವರ್' ತೆಗೆದ ಮನುಷ್ಯನ ಸಂಸ್ಥೆ ಮಲೆನಾಡಿನ ಒಬ್ಬ ಯಮುನಕ್ಕನ ಕಥೆ ಉಳಿಸಿತು. ಅಪ್ಪನಿಗೆ ಇದನ್ನ ಹೇಳಿದಾಗ, "ಡಬ್ಬ ಇತ್ತು, ಅದಕ್ಕೇ" ಅಂದ್ರು.

'ಸತಿ ಸುಲೋಚನಾ'ದ ಡಬ್ಬ ಇರಲಿಲ್ಲ. ಅದರ ವಿವರ ಎಷ್ಟೊಂದು ಗೊತ್ತಿದೆ ನೋಡಿ: ನಿರ್ದೇಶಕ ವೈ.ವಿ. ರಾವ್, ರಾವಣ ಆರ್. ನಾಗೇಂದ್ರರಾವ್, ಇಂದ್ರಜಿತು ಸುಬ್ಬಯ್ಯ ನಾಯ್ಡು, ಸುಲೋಚನೆ ತ್ರಿಪುರಾಂಬ. ಮಾತು, ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಬೆಳ್ಳಾವೆ ನಮ್ಮ ತುಮಕೂರಿನ ಪಕ್ಕದ್ದೇ, ಅಪ್ಪನಿಗೆ ಅದೊಂದು ಹೆಮ್ಮೆ. ತೋರಿಸಿದ್ದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಥಿಯೇಟರಿನಲ್ಲಿ. ಆಗ ಬೆಂಗಳೂರಿನಲ್ಲಿ ಟಾಕಿ ತೆಗೆಯೋ ಅನುಕೂಲ ಇಲ್ಲದ ಕಾರಣ ಇಡೀ ತಂಡ ಹೋಗಿ ಶೂಟಿಂಗ್ ಮಾಡಿದ್ದು ಕೊಲ್ಹಾಪುರದಲ್ಲಿ, ಛತ್ರಪತಿ ಸ್ಟುಡಿಯೋದಲ್ಲಿ. ಕನ್ನಡದ ಮೊದಲ ಟಾಕಿಯವರೂ ನಮ್ಮ ಹಾಗೇ ಕೆಲಸ ಹುಡುಕ್ಕೊಂಡು ಮಹಾರಾಷ್ಟ್ರಕ್ಕೆ ಬಂದವರು!

ನಮ್ಮ ತಾತ ಸಿನಿಮಾದ ಬಗ್ಗೆ ಏನು ಹೇಳ್ತಿದ್ದ ಅಂತ ಅಪ್ಪನನ್ನ ಕೆದಕಿ ಕೇಳಿದೆ. ಬಹಳ ಹೊತ್ತು ಯೋಚನೆ ಮಾಡಿ, "ರಾವಣ ಮಾತಾಡಿದ ಕೂಡಲೇ ಮುಂದೆ ಕೂತಿದ್ದ ಹುಡುಗರು ಎದ್ದು ನಿಂತುಬಿಟ್ರಂತೆ. ಇನ್ನೇನೂ ಹೇಳಿದ್ದು ನೆನಪಿಲ್ಲ ಕಣೋ" ಅಂದ್ರು. ಆ ಸಿನಿಮಾಕ್ಕೆ ನಮ್ಮ ಮನೆಯಲ್ಲಿ ಉಳಿದಿರೋ ರಿವ್ಯೂ ಅಷ್ಟೇ, ಒಂದೂವರೆ ಸಾಲು.

ದೀಪಾವಳಿಗೆ ಅಪ್ಪನನ್ನ ಊರಿಗೆ ಬಿಡೋಕೆ ಬಸ್ಸಲ್ಲಿ ಹೊರಟೆ. ನಿಮಗೆಲ್ಲ ಗೊತ್ತಿರೋ ರೂಟೇ: ಸಾತಾರಾ, ಕರಾಡ್, ಕೊಲ್ಹಾಪುರ, ಬೆಳಗಾವಿ. ನಡುರಾತ್ರಿ ಕೊಲ್ಹಾಪುರದ ಬೈಪಾಸ್ ಹತ್ತಿರ ಬಸ್ಸು ನಿಧಾನ ಆದಾಗ ನಾನು ನಿದ್ದೆಯಲ್ಲಿದ್ದೆ. ಅಪ್ಪ ಭುಜ ತಟ್ಟಿ ಎಬ್ಬಿಸಿ, ಪರದೆ ಸರಿಸಿ, "ಯಾವ ಕಡೆ ಇತ್ತೋ ಆ ಸ್ಟುಡಿಯೋ?" ಅಂದ್ರು. ಸರಿಯಾಗಿ ಗೊತ್ತಿಲ್ಲದಿದ್ದರೂ ದೀಪ ಕಾಣ್ತಿದ್ದ ಕಡೆಗೆ ಕೈ ತೋರಿಸಿದೆ.

ಒಂದು ಕೆಲಸ ಹೇಳ್ತೀನಿ. ಆ ಕಾಲದಲ್ಲಿ ಥಿಯೇಟರಿನ ಹೊರಗೆ ಸಿನಿಮಾ ಹಾಡಿನ ಪುಸ್ತಕ ಮಾರ್ತಿದ್ದರು, ಜಾಹೀರಾತಿನ ಚೀಟಿ ಹಂಚ್ತಿದ್ದರು. ಈ ಸಲ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ತೆಗೆದು ನೋಡಿ. ಅಂಥದ್ದೇನಾದ್ರೂ ಸಿಕ್ಕರೆ ರದ್ದಿಗೆ ಹಾಕೋ ಮುಂಚೆ ಒಂದು ಫೋಟೋ ತೆಗೆದು ನನಗೆ ಕಳಿಸಿ. ಎಷ್ಟೇ ಹರಿದಿದ್ದರೂ ಪರವಾಗಿಲ್ಲ. ಮುಂದಿನ ವಾರ 'ಸಿಟಿಜನ್ ಕೇನ್', ಅಪ್ಪನೂ ಫೋನಲ್ಲಿ ಇರ್ತಾರೆ.